ಕಿವಿಗೆ ಬೀಜ, ಕಾಲಿಗೆ ಕೆಲಸ: ಮನೆಯ ಹಿರಿಯರು ಬೀಳದಂತೆ ಏನು ಮಾಡಿಸಬೇಕು

ಮೊದಲು ಆ ಪ್ಲಾಸ್ಟಿಕ್ ಕುರ್ಚಿಯನ್ನು ಅಂಗಳಕ್ಕೆ ಸಾಗಿಸಿ. ನಾನು ಕೊಪ್ಪಳದಲ್ಲಿ ಮನೆಮನೆಗೆ ಹೋಗಿ ಫಿಸಿಯೋಥೆರಪಿ ಮಾಡಿಸುವವಳು. ಯಾವ ಮನೆಗೆ ಹೋದರೂ ಅಜ್ಜಿ ಹಿಡಿದುಕೊಳ್ಳಲಿ ಅಂತ ಮುಂದೆ ಅದನ್ನೇ ಇಟ್ಟಿರುತ್ತಾರೆ. ಮೈಭಾರ ಬಿಟ್ಟರೆ ಅದು ಜಾರುತ್ತದೆ, ಅದರ ಹಿಂದೆ ಅಜ್ಜಿಯೂ ಜಾರುತ್ತಾರೆ. ಅಡಿಗೆಮನೆಯಲ್ಲಿ ಕಡಪಾ ಕಲ್ಲಿನ ಕಟ್ಟೆ ಇದೆ ಅಲ್ವಾ? ನಡುಮನೆಯಲ್ಲಿ ಕಿಟಕಿಯ ಸರಳಿದೆ. ಎರಡೂ ಅಲ್ಲಾಡುವುದಿಲ್ಲ. ಕೆಳಗೆ ಹೇಳುವ ಅಭ್ಯಾಸಗಳಲ್ಲಿ ಹಿಡಿದುಕೊಳ್ಳಲಿಕ್ಕೆ ಇವೆರಡು ಸಾಕು.

ಈಚೆಗೆ ಜನ ಜಾಸ್ತಿ ಕೇಳುವುದು ಕಿವಿಯ ಬಿಂದುಗಳಿಗೆ ಸೂಜಿ ಚುಚ್ಚುವ, ಒತ್ತುವ ಚಿಕಿತ್ಸೆಯ ಬಗ್ಗೆ. ಮೊಬೈಲಿನಲ್ಲಿ ವಿಡಿಯೋ ನೋಡಿರುತ್ತಾರೆ. "ಕಿವ್ಯಾಗ ಒಂದೆರಡು ಸೂಜಿ ಚುಚ್ಚಿಬಿಡ್ರೀ ಡಾಕ್ಟ್ರ, ಈ ಎದ್ದು ಕುಂದ್ರೋದು ಬ್ಯಾಡ" ಅಂತ ಭಾಗ್ಯನಗರದ ಅಜ್ಜಾರೊಬ್ಬರು ಕೈಮುಗಿದೇ ಕೇಳಿದರು. ನಾನು ಸೂಜಿ ಚುಚ್ಚುವುದಿಲ್ಲ. ಆ ಬಿಂದುಗಳ ಮೇಲೆ ಒತ್ತಲಿಕ್ಕೆ ಸಣ್ಣ ಬೀಜ ಅಂಟಿಸುತ್ತೇನೆ. ಆದರೆ ಎದ್ದು ಕೂರುವುದನ್ನು ಮಾತ್ರ ಯಾರಿಗೂ ಬಿಡಿಸುವುದಿಲ್ಲ.

ಯಾವ ಕಿವಿ?

ಕಿವಿಯಲ್ಲಿ ಬ್ಯಾಲೆನ್ಸ್ ಇದೆ ಅಂತ ಈಗ ಎಲ್ಲರಿಗೂ ಗೊತ್ತು. ಹಾಗಾದರೆ ಕಿವಿ ಒತ್ತಿದರೆ ಬ್ಯಾಲೆನ್ಸ್ ಸರಿಹೋಗಬೇಕು ಅಂತ ಲೆಕ್ಕ ಹಾಕುತ್ತಾರೆ. ಲೆಕ್ಕ ತಪ್ಪುವುದು ಇಲ್ಲೇ. ತಲೆ ಯಾವ ಕಡೆ ತಿರುಗಿತು ಅಂತ ಮಿದುಳಿಗೆ ತಿಳಿಸುವ ಮೂರು ಅರ್ಧವೃತ್ತದ ನಾಳಗಳು ತಲೆಬುರುಡೆಯ ಮೂಳೆಯೊಳಗೆ ಕೂತಿವೆ. ಓಲೆ ಹಾಕುವ ಹೊರಗಿವಿಯನ್ನು ಎಷ್ಟು ಒತ್ತಿದರೂ ಅವಕ್ಕೆ ತಾಗುವುದಿಲ್ಲ. ಅದೂ ಅಲ್ಲದೆ ನಾವು ನೆಟ್ಟಗೆ ನಿಲ್ಲುವುದು ಒಳಗಿವಿ ಒಂದರಿಂದಲ್ಲ. ಕಣ್ಣು ಬೇಕು, ಅಂಗಾಲಿಗೆ ನೆಲದ ಸ್ಪರ್ಶ ತಿಳಿಯಬೇಕು, ತೊಡೆ ಮತ್ತು ಹಿಮ್ಮಡಿಯ ಸ್ನಾಯು ಹೇಳಿದ ಕೂಡಲೇ ಕೆಲಸ ಮಾಡಬೇಕು. ವಯಸ್ಸಾದಂತೆ ಇವೆಲ್ಲ ಸ್ವಲ್ಪ ಸ್ವಲ್ಪ ಸವೆಯುತ್ತವೆ. ಸಕ್ಕರೆ ಕಾಯಿಲೆ ಇದ್ದರೆ ಅಂಗಾಲು ಮೊದಲು ಮಂಕಾಗುತ್ತದೆ.

ಕಿವಿಯ ಯಾವ ಬಿಂದು ಮೈಯ ಯಾವ ಭಾಗಕ್ಕೆ ಅಂತ ತೋರಿಸುವ ಹೊರಗಿವಿಯ ನಕ್ಷೆಗೆ ಬೇರೆಯೇ ಕತೆ ಇದೆ. ಫ್ರಾನ್ಸಿನ ಲಿಯಾನ್ ಊರಿನ ವೈದ್ಯ ಪಾಲ್ ನೋಜಿಯೆ, ಸಯಾಟಿಕಾ, ಅಂದರೆ ಸೊಂಟದಿಂದ ಕಾಲಿಗೆ ಇಳಿಯುವ ನೋವಿಗೆ ಅಂತ ಕಿವಿಯ ಒಂದು ಜಾಗ ಸುಡಿಸಿಕೊಂಡು ಬಂದ ರೋಗಿಗಳನ್ನು ನೋಡಿದರು. ಅದರ ಬೆನ್ನು ಹತ್ತಿ 1957ರಲ್ಲಿ ತಮ್ಮ ನಕ್ಷೆ ಪ್ರಕಟಿಸಿದರು. ಅದರ ಪ್ರಕಾರ ಕಿವಿ ಅಂದರೆ ತಲೆಕೆಳಗಾಗಿ ಮಲಗಿದ ಗರ್ಭದ ಮಗು. ಹಾಲೆ ತಲೆ, ಮೇಲಿನ ಏಣುಗಳು ಕೈಕಾಲು. ಚೀನಾದವರು ಇದನ್ನು ತೆಗೆದುಕೊಂಡು ತಮ್ಮದೇ ನಕ್ಷೆ ಬೆಳೆಸಿದರು. ಮೊಣಕಾಲಿನ ಬಿಂದು ಎಲ್ಲಿದೆ ಅನ್ನುವುದರಲ್ಲೇ ಎರಡು ನಕ್ಷೆಗಳಿಗೂ ಹೊಂದಾಣಿಕೆ ಇಲ್ಲ. ಈ ಒಂದು ಮಾತು ನನ್ನನ್ನು ಯಾವಾಗಲೂ ಸ್ವಲ್ಪ ಅನುಮಾನದಲ್ಲೇ ಇಟ್ಟಿದೆ.

ಹಾಗಾದರೆ ಬೀಜ ಯಾಕೆ ಅಂಟಿಸುತ್ತೀರಿ ಅಂತ ಕೇಳಬಹುದು. ನೋವಿಗೆ. ಅಮೆರಿಕದ ವಾಯುಪಡೆಯ ವೈದ್ಯ ರಿಚರ್ಡ್ ನೀಮ್ಟ್ಸೋ 2001ರಲ್ಲಿ ಕಿವಿಯ ಐದು ಬಿಂದುಗಳಿಗೆ ಸಣ್ಣ ಸೂಜಿ ಕೂರಿಸುವ ಪದ್ಧತಿ ಮಾಡಿದ್ದು ಕೂಡ ನೋವಿಗೇ. ಮೊಣಕಾಲು ನೋಯುವ ಅಮ್ಮ ಕುರ್ಚಿಯಿಂದ ಏಳುವುದೇ ಇಲ್ಲ. ಏಳದೆ ಇದ್ದರೆ ತೊಡೆ ಸೊರಗುತ್ತದೆ, ತೊಡೆ ಸೊರಗಿದರೆ ಬೀಳುತ್ತಾರೆ. ಬೀಜ ಒತ್ತಿದ ಮೇಲೆ ಕೆಲವರಿಗೆ ನೋವು ಸ್ವಲ್ಪ ಇಳಿದಂತೆ ಆಗುತ್ತದೆ, ಮನಸ್ಸು ಹಗುರಾಗುತ್ತದೆ. ಆ ಹೊತ್ತಿನಲ್ಲಿ ನಾನು ಎಬ್ಬಿಸಿ ಕೆಲಸ ಮಾಡಿಸುತ್ತೇನೆ. ಇನ್ನೊಂದು ಲಾಭವೂ ಇದೆ. ಕಿವಿಗೆ ಕೈ ಹೋದಾಗಲೆಲ್ಲ "ಇವತ್ತಿನದು ಮಾಡಿಲ್ಲ" ಅಂತ ನೆನಪಾಗುತ್ತದೆ.

ಕಿವಿಗೆ ಬೀಜ ಹಚ್ಚಿದ್ದರಿಂದಲೇ ಬೀಳುವುದು ತಪ್ಪಿತು ಅನ್ನಲಿಕ್ಕೆ ಗಟ್ಟಿ ಪುರಾವೆ ಇಲ್ಲ. ವ್ಯಾಯಾಮಕ್ಕೆ ಇದೆ. ವೈದ್ಯಕೀಯ ಪ್ರಯೋಗಗಳನ್ನು ಕಲೆಹಾಕಿ ತೂಗಿನೋಡುವ ಕಾಕ್ರೇನ್ ಸಂಸ್ಥೆಯ 2019ರ ಪರಿಶೀಲನೆಯಲ್ಲಿ 100ಕ್ಕೂ ಹೆಚ್ಚು ಪ್ರಯೋಗಗಳನ್ನು ಒಟ್ಟಿಗೆ ನೋಡಿದ್ದರು. ವ್ಯಾಯಾಮ ಮಾಡುವ ಹಿರಿಯರಲ್ಲಿ ಬೀಳುವ ಪ್ರಮಾಣ ಸುಮಾರು ಶೇಕಡಾ 23ರಷ್ಟು ಕಡಿಮೆ. ಅದರಲ್ಲೂ ಸುಮ್ನೆ ವಾಕಿಂಗ್ ಹೋಗುವುದಕ್ಕಿಂತ ಬ್ಯಾಲೆನ್ಸ್ ಅಭ್ಯಾಸದ್ದೇ ಕೈ ಮೇಲು. ನಮ್ಮಲ್ಲಿ "ದಿನಾ ವಾಕಿಂಗ್ ಹೋಗ್ತೀನ್ರೀ" ಅಂದರೆ ಎಲ್ಲಾ ಮುಗಿಯಿತು ಅಂತ ತಿಳಿಯುತ್ತಾರೆ. ಮುಗಿಯುವುದಿಲ್ಲ.

ಬೀಜ ಅಂಟಿಸುವುದು

ಅಂಟುಪಟ್ಟಿಯ ಮೇಲೆ ಕಪ್ಪು ಬೀಜ ಅಥವಾ ಸಣ್ಣ ಲೋಹದ ಗುಂಡು ಇರುವ ಸಿದ್ಧ ಹಾಳೆಗಳು ಸಿಗುತ್ತವೆ. ಆನ್‌ಲೈನಿನಲ್ಲಿ ತರಿಸಿ. ಮನೆಯ ಸಾಸಿವೆ ಕಾಳು ಹಚ್ಚಬೇಡಿ. ನಮ್ಮ ಏಪ್ರಿಲ್ ಬೆವರಿಗೆ ಅದು ನೆನೆದು ಬಿರಿದರೆ ಚರ್ಮ ಉರಿಯುತ್ತದೆ.

ಕಿವಿಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ಚೆನ್ನಾಗಿ ಒಣಗಿಸಿ. ಕಿವಿಯ ಮೇಲ್ಭಾಗದಲ್ಲಿ ಒಂದು ತ್ರಿಕೋನದ ಗುಳಿ ಇದೆ. ಬೆರಳಿಟ್ಟರೆ ಗೊತ್ತಾಗುತ್ತದೆ. ಒಳಗಿನ ಏಣು ಎರಡಾಗಿ ಕವಲೊಡೆಯುವ ಕಡೆ, ಆ ಗುಳಿಯ ಮೂಲೆಯ ಮೇಲ್ಭಾಗದಲ್ಲಿ ಶೆನ್‌ಮೆನ್ ಅನ್ನುವ ಬಿಂದು. ಗಾಬರಿ, ನೋವು ಎರಡಕ್ಕೂ ಎಲ್ಲರೂ ಬಳಸುವುದು ಇದನ್ನೇ. ಆ ಎರಡು ಕವಲಿನಲ್ಲಿ ಮೇಲಕ್ಕೆ ಹೋಗುವ ಕವಲಿನ ನಡುಭಾಗ, ಚೀನಾದ ನಕ್ಷೆಯ ಮೊಣಕಾಲು. ಎರಡೇ ಬೀಜ ಸಾಕು. ಕಿವಿ ತುಂಬ ಅಂಟಿಸಿ ಫೋಟೋ ತೆಗೆಯುವವರನ್ನು ನೋಡಿದ್ದೇನೆ, ಅದು ಫೋಟೋಗೆ ಮಾತ್ರ ಚೆಂದ.

ಕಿವಿಯ ತೂತಿನ ಹತ್ತಿರದ ಗುಳಿಯಲ್ಲಿ ಅಂಟಿಸಬೇಡಿ. ಬೀಜ ಕಳಚಿ ಒಳಗೆ ಬಿದ್ದರೆ ಡಾಕ್ಟರೇ ತೆಗೆಯಬೇಕು. ಬುಗುಡಿ ಹಾಕುವ ಅಮ್ಮಂದಿರಿಗೆ ಆ ತೂತಿನ ಸುತ್ತ ಜಾಗ ಬಿಡಿ. ಕನ್ನಡಕದ ಕಡ್ಡಿ ಅಥವಾ ಕಿವಿಯ ಮಷಿನ್ ಬೀಜದ ಮೇಲೆ ಕೂತು ಒತ್ತುತ್ತಿದೆಯಾ ನೋಡಿ. ಒತ್ತುತ್ತಿದ್ದರೆ ಇನ್ನೊಂದು ಕಿವಿಗೆ ಹಚ್ಚಿ.

ಒತ್ತುವುದು ಕೂತುಕೊಂಡೇ. ನಿಂತು ಬೇಡ. ಕಿವಿಯ ನಡುಗುಳಿಯ ಚರ್ಮಕ್ಕೆ ವೇಗಸ್ ಅನ್ನುವ ನರದ ಒಂದು ಕವಲು ಬರುತ್ತದೆ. ಎದೆಬಡಿತ ನಿಧಾನ ಮಾಡುವ ನರವೂ ಅದೇ. ಕಿವಿ ಮುಟ್ಟಿದರೆ ಕೆಲವರಿಗೆ ಕೆಮ್ಮು ಬರುವುದು ಇದರಿಂದಲೇ. ಒಬ್ಬಿಬ್ಬರಿಗೆ ತಲೆ ಹಗುರಾದಂತೆಯೂ ಆಗಬಹುದು. ಒಂದೊಂದು ಬೀಜವನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಅರ್ಧ ನಿಮಿಷ ಮೆಲ್ಲಗೆ ಒತ್ತಿ. ಮಂದ ನೋವು ಬಂದರೆ ಸಾಕು, ಚುರುಕ್ ಅನ್ನಬಾರದು. ಉಜ್ಜಬೇಡಿ, ಚರ್ಮ ಕಿತ್ತುಬರುತ್ತದೆ. ಚಳಿಗಾಲದಲ್ಲಿ 3 ದಿನ ಬಿಡಬಹುದು. ಬೇಸಿಗೆಯಲ್ಲಿ 2 ದಿನಕ್ಕೇ ತೆಗೆದು, ಒಂದು ದಿನ ಕಿವಿಗೆ ಬಿಡುವು ಕೊಟ್ಟು, ಇನ್ನೊಂದು ಕಿವಿಗೆ ಹಚ್ಚಿ. ಚರ್ಮ ತೀರಾ ತೆಳುವಾಗಿದ್ದರೆ ರಾತ್ರಿ ತೆಗೆದೇ ಮಲಗಲಿ.

ಸೂಜಿಯೇ ಬೇಕು ಅನ್ನುವವರಿಗೆ ಒಂದು ಮಾತು. ಕಿವಿಯ ಮೃದುಮೂಳೆಗೆ ತನ್ನದೇ ರಕ್ತನಾಳ ಇಲ್ಲ. ಅಲ್ಲಿ ಕೀವಾದರೆ ಬೇಗ ಹರಡುತ್ತದೆ, ಬೇಗ ವಾಸಿಯಾಗುವುದಿಲ್ಲ, ಕಿವಿಯ ಆಕಾರವೇ ಕೆಡಬಹುದು. ಸಕ್ಕರೆ ಜಾಸ್ತಿ ಇರುವವರು, ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರು ತಮ್ಮ ಡಾಕ್ಟರನ್ನು ಕೇಳದೆ ಸೂಜಿಗೆ ಹೋಗಬಾರದು. ಹೋದರೂ ತರಬೇತಿ ಪಡೆದವರ ಹತ್ತಿರ, ನಿಮ್ಮ ಕಣ್ಣೆದುರೇ ಒಡೆದ ಹೊಸ ಪೊಟ್ಟಣದ ಸೂಜಿ. ಕಿವಿ ಕೆಂಪಾಗಿ, ಬಿಸಿಯಾಗಿ, ಊದಿಕೊಂಡರೆ ಅವತ್ತೇ ದವಾಖಾನೆಗೆ ಹೋಗಿ.

ಎಲ್ಲಿದ್ದೀರಿ ಅಂತ ನೋಡಿಕೊಳ್ಳಿ

ಮೊಬೈಲಿನ ಸ್ಟಾಪ್‌ವಾಚ್ ತೆಗೆಯಿರಿ. ಗಟ್ಟಿ ಕುರ್ಚಿಯಿಂದ 3 ಮೀಟರ್ ದೂರಕ್ಕೆ ಸೀಮೆಸುಣ್ಣದ ಗೆರೆ ಎಳೆಯಿರಿ. ಎದ್ದು, ಮಾಮೂಲಿ ವೇಗದಲ್ಲಿ ಗೆರೆವರೆಗೆ ನಡೆದು, ತಿರುಗಿ ಬಂದು ಕೂರಲಿ. 12 ಸೆಕೆಂಡು ಅಥವಾ ಅದಕ್ಕಿಂತ ಜಾಸ್ತಿ ಹಿಡಿದರೆ ಬೀಳುವ ಅಪಾಯ ಇದೆ ಅಂತ ತಿಳಿಯಿರಿ.

ಇನ್ನೊಂದು, ನಿಲ್ಲುವುದು. ಕಟ್ಟೆಯ ಪಕ್ಕ, ನೀವು ಜೊತೆಗೆ ನಿಂತು. ಮೊದಲು ಎರಡೂ ಪಾದ ಜೋಡಿಸಿ. ಆಮೇಲೆ ಒಂದು ಪಾದವನ್ನು ಅರ್ಧ ಮುಂದೆ ಸರಿಸಿ. ಆಮೇಲೆ ಒಂದರ ಹಿಮ್ಮಡಿ ಇನ್ನೊಂದರ ಬೆರಳಿಗೆ ತಾಗುವ ಹಾಗೆ ಒಂದೇ ಸಾಲಿನಲ್ಲಿ. ಕೊನೆಗೆ ಒಂಟಿಕಾಲು. ಒಂದೊಂದೂ 10 ಸೆಕೆಂಡು, ಕೈ ಹಿಡಿಯದೆ. ಮೂರನೆಯದು 10 ಸೆಕೆಂಡು ನಿಲ್ಲದಿದ್ದರೆ ಕೆಲಸ ಇವತ್ತಿನಿಂದಲೇ ಶುರು. ಎಲ್ಲಿ ತೂಗಾಡಿದರೋ ಅದೇ ನಿಮ್ಮ ಅಭ್ಯಾಸದ ಮೆಟ್ಟಿಲು. ಅದಕ್ಕಿಂತ ಸುಲಭದ್ದು ಮಾಡಿದರೆ ಲಾಭ ಇಲ್ಲ, ಅದಕ್ಕಿಂತ ಕಷ್ಟದ್ದು ಈಗಲೇ ಬೇಡ.

ಕಾಲಿನ ಕೆಲಸ

ಎದ್ದು ಕೂರುವುದೇ ಎಲ್ಲಕ್ಕೂ ರಾಜ. ಮೊಣಕಾಲೆತ್ತರದ ಬೆಂಚು ಅಥವಾ ಗಟ್ಟಿ ಮಂಚ ಬೇಕು. ಹೊರಸು ಬೇಡ, ನಡುವೆ ಕುಸಿಯುತ್ತದೆ. ಹಿಂಬದಿ ಗೋಡೆಗೆ ತಾಗಿರಲಿ. ಅಂಚಿಗೆ ಸರಿದು ಕೂತು, ಪಾದಗಳನ್ನು ಮೊಣಕಾಲಿಗಿಂತ ಸ್ವಲ್ಪ ಹಿಂದೆ ಎಳೆದುಕೊಳ್ಳಬೇಕು. ಈಗ ಮೂಗು ಕಾಲ್ಬೆರಳ ಮೇಲೆ ಬರುವಷ್ಟು ಮುಂದೆ ಬಾಗಿ ಏಳಬೇಕು. ಬಹಳ ಮಂದಿ ಬೆನ್ನು ನೆಟ್ಟಗಿಟ್ಟುಕೊಂಡೇ ಏಳಲು ನೋಡುತ್ತಾರೆ. ಭಾರ ಹಿಂದೆಯೇ ಉಳಿದು ದಪ್ ಅಂತ ಮತ್ತೆ ಕೂರುತ್ತಾರೆ. ಆಮೇಲೆ "ಕಾಲಾಗ ಶಕ್ತಿನೇ ಇಲ್ರೀ" ಅಂತಾರೆ. ಮುಂದೆ ಬಾಗುವುದನ್ನು ಕಲಿಸಿದರೆ ಅರ್ಧ ಮಂದಿ ಅಲ್ಲೇ ಎದ್ದುಬಿಡುತ್ತಾರೆ.

ಕೂರುವಾಗ ಮೂರು ಎಣಿಸುತ್ತಾ ನಿಧಾನ. ನಿಧಾನ ಕೂತರೆ ಆಗಲೂ ತೊಡೆಗೆ ಕೆಲಸ ಇರುತ್ತದೆ. ಮೊದಲ ವಾರ ಕೈಯೂರಿ ಎದ್ದರೂ ಸರಿ. ಆಮೇಲೆ ಒಂದು ಕೈ, ಆಮೇಲೆ ಕೈ ಎದೆಗೆ ಕಟ್ಟಿಕೊಂಡು. 10 ಸಲ, ಸ್ವಲ್ಪ ಸುಧಾರಿಸಿಕೊಂಡು ಮತ್ತೆ 10. ಕೈಯೂರದೆ 30 ಸೆಕೆಂಡಿನಲ್ಲಿ ಎಷ್ಟು ಸಲ ಎದ್ದರು ಅಂತ ತಿಂಗಳಿಗೊಮ್ಮೆ ಎಣಿಸಿ ಕ್ಯಾಲೆಂಡರ್ ಮೇಲೆ ಬರೆಯಿರಿ. 70ರಿಂದ 74 ವಯಸ್ಸಿನ ಹೆಂಗಸರಿಗೆ 10ಕ್ಕಿಂತ ಕಡಿಮೆ, ಗಂಡಸರಿಗೆ 12ಕ್ಕಿಂತ ಕಡಿಮೆ ಬಂದರೆ ಅದು ಕಡಿಮೆ ಅಂತಲೇ ಅರ್ಥ.

ಕಟ್ಟೆ ಹಿಡಿದು ಹಿಮ್ಮಡಿ ಎತ್ತುವುದು 10 ಸಲ. ಆಮೇಲೆ ಹಿಮ್ಮಡಿ ಊರಿ ಬೆರಳ ಕಡೆ ಎತ್ತುವುದು 10 ಸಲ. ಈ ಎರಡನೆಯದನ್ನು ಬಿಡಬೇಡಿ. ಕೌದಿಯ ಅಂಚಿಗೆ, ಹೊಸ್ತಿಲಿಗೆ ಕಾಲು ಎಡವುವುದು ಬೆರಳು ಮೇಲೇಳದೆ ಇರುವುದರಿಂದ. ಪಕ್ಕಕ್ಕೆ ಕಾಲು ಎತ್ತುವುದು ಒಂದೊಂದು ಕಡೆ 10. ಮೈ ವಾಲಿಸದೆ ಎತ್ತಬೇಕು, ಒಂದು ಗೇಣು ಎತ್ತಿದರೆ ಸಾಕು.

ನಡೆಯುವುದಕ್ಕೆ ಪರ್ಸಿ ಕಲ್ಲಿನ ಸಂದು ಇದೆ, ಟೈಲ್ಸ್ ಇದ್ದರೆ ಅದರ ಗೆರೆ. ಗೋಡೆ ಪಕ್ಕದ ಒಂದು ಗೆರೆ ಹಿಡಿದು, ಹಿಮ್ಮಡಿಗೆ ಬೆರಳು ತಾಗಿಸುತ್ತಾ ಹೋಗಿ. ಸೀರೆಯ ನೆರಿಗೆ ಒಂದಿಷ್ಟು ಮೇಲೆ ಸಿಕ್ಕಿಸಿ, ಅಜ್ಜಾರು ಧೋತ್ರದ ಚುಂಗು ಎತ್ತಿ ಕಟ್ಟಲಿ. ಕಣ್ಣು ಕಾಲಿನ ಮೇಲಲ್ಲ, ಎದುರಿನ ಗೋಡೆಯ ಮೇಲಿರಲಿ. ಇದು ಸಲೀಸಾದ ಮೇಲೆ ಬಾಯಿಗೂ ಕೆಲಸ ಕೊಡಿ. ನಡೆಯುತ್ತಾ ಗೊತ್ತಿರುವ ವಚನ ಹೇಳಲಿ, ಇಲ್ಲಾ 100ರಿಂದ ಮೂರು ಮೂರು ಕಳೆಯುತ್ತಾ ಬರಲಿ. ಮನೆಯಲ್ಲಿ ಬೀಳುವುದು ಏನೋ ಯೋಚನೆಯಲ್ಲಿ, ಯಾರೋ ಕರೆದಾಗ ತಿರುಗುವಾಗ. ಅದಕ್ಕೇ ಈ ಅಭ್ಯಾಸ. ಮಾತು ಶುರುವಾದ ಕೂಡಲೇ ಕಾಲು ನಿಂತುಹೋಗುವವರಿದ್ದಾರೆ. ಅವರ ಜೊತೆ ನಡೆಯುವಾಗ ಹರಟಬೇಡಿ.

ಇನ್ನು ಜಾತ್ರೆಯ ಅಭ್ಯಾಸ. ನಾನೇ ಇಟ್ಟ ಹೆಸರು. ಜನವರಿ ಬಂದರೆ ಗವಿಮಠದ ಜಾತ್ರೆಗೆ ಹೋಗಲೇಬೇಕು, ತೇರು ನೋಡಲೇಬೇಕು, ಮಹಾದಾಸೋಹದಲ್ಲಿ ಮಾದಲಿ ಉಣ್ಣಲೇಬೇಕು. ಬೇಡ ಅಂದರೆ ನನ್ನ ಮಾತನ್ನೇ ಬಿಡುತ್ತಾರೆ. ಆ ನೂಕಾಟದಲ್ಲಿ ಯಾರೋ ಭುಜಕ್ಕೆ ತಾಗಿದಾಗ ಉಳಿಸುವುದು ಗಟ್ಟಿಯಾಗಿ ನಿಂತಿರುವುದಲ್ಲ, ಥಟ್ಟನೆ ಒಂದು ಹೆಜ್ಜೆ ಇಡುವುದು. ಅದನ್ನು ಕಲಿಸಬೇಕು. ಅಡಿಗೆಮನೆಯ ಮೂಲೆಯಲ್ಲಿ ನಿಲ್ಲಿಸಿ. ಬೆನ್ನಿಗೆ ಗೋಡೆ, ಪಕ್ಕಕ್ಕೆ ಕಟ್ಟೆ, ಇನ್ನೊಂದು ಪಕ್ಕದಲ್ಲಿ ನೀವು. "ಮುಂದೆ", "ಬಲ", "ಎಡ" ಅಂತ ನೀವು ಕೂಗಿದ ಕೂಡಲೇ ಆ ಕಡೆ ಒಂದು ದೊಡ್ಡ ಹೆಜ್ಜೆ ಇಟ್ಟು ವಾಪಸ್ ಬರಬೇಕು. ಕ್ರಮ ಬದಲಿಸುತ್ತಾ ಇರಿ, ಬಾಯಿಪಾಠ ಆಗಬಾರದು. ಹಿಂದಕ್ಕೆ ಇಡುವ ಹೆಜ್ಜೆಯನ್ನು ಕೊನೆಗೆ, ಗೋಡೆಯಿಂದ ಒಂದು ಮೊಳ ಮುಂದೆ ನಿಲ್ಲಿಸಿ ಕಲಿಸಿ. ಮೊಮ್ಮಕ್ಕಳಿಗೆ ಕೂಗುವ ಕೆಲಸ ಕೊಟ್ಟರೆ ಇಬ್ಬರಿಗೂ ಆಟ. ಆದರೆ ನೂಕಲು ಬಿಡಬೇಡಿ, ದೊಡ್ಡವರೊಬ್ಬರು ಪಕ್ಕದಲ್ಲೇ ಇರಲಿ.

ಅಂಜನಾದ್ರಿ ಹತ್ತಬೇಕು ಅನ್ನುವವರು ಹತ್ತಾರು ಮಂದಿ ಸಿಗುತ್ತಾರೆ. 575 ಮೆಟ್ಟಿಲು. ಎಲ್ಲರೂ ಹತ್ತುವುದಕ್ಕೆ ಹೆದರುತ್ತಾರೆ, ತೊಂದರೆ ಇರುವುದು ಇಳಿಯುವಾಗ. ಇಳಿಯುವಾಗ ತೊಡೆ ಬ್ರೇಕ್ ಹಿಡಿಯಬೇಕು, ದಣಿದ ತೊಡೆ ಬ್ರೇಕ್ ಹಿಡಿಯುವುದಿಲ್ಲ. ಮನೆಯ ಒಂದು ಮೆಟ್ಟಿಲ ಮೇಲೆ, ಪಕ್ಕದ ಗೋಡೆ ಹಿಡಿದು, ಇಳಿಯುವುದನ್ನು ನಿಧಾನವಾಗಿ ಮಾಡಿಸಿ. ಓದಲಿಕ್ಕೂ ದೂರಕ್ಕೂ ಒಂದೇ ಕನ್ನಡಕ ಹಾಕುವವರಿಗೆ ಕೆಳಗಿನ ಗಾಜಿನಲ್ಲಿ ಮೆಟ್ಟಿಲು ಮಸುಕಾಗುತ್ತದೆ. ತಲೆಯನ್ನೇ ಬಗ್ಗಿಸಿ ಮೇಲಿನ ಗಾಜಿನಿಂದ ನೋಡಲು ಹೇಳಿ.

ಎಷ್ಟು ದಿನ ಅಂತ ಕೇಳುತ್ತಾರೆ. ವಾರಕ್ಕೆ 3 ದಿನಕ್ಕೆ ಕಡಿಮೆ ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ಹೇಳುತ್ತದೆ. ನಾನು ದಿನಕ್ಕೆ ಮೂರು ತುಂಡು ಮಾಡಿಸುತ್ತೇನೆ. ಬೆಳಿಗ್ಗೆ ಚಹಾ ಆದ ಮೇಲೆ, ಸಂಜೆ ದೀಪ ಹಚ್ಚುವ ಮುಂಚೆ, ನಡುವೆ ಯಾವಾಗಲಾದರೂ. ಪ್ರತಿ ಸಲ ಮೊದಲು ಕೂತು ಬೀಜ ಒತ್ತುವುದು, ಒಂದು ನಿಮಿಷ ಸುಮ್ಮನಿರುವುದು, ಆಮೇಲೆ ಕೆಲಸ. ಬೀಜ ಒತ್ತಿ ಮಲಗಿಬಿಡುವವರಿಗೆ ನಾನು ಬೀಜ ಅಂಟಿಸುವುದನ್ನೇ ನಿಲ್ಲಿಸುತ್ತೇನೆ. ಸಿಟ್ಟಾಗುತ್ತಾರೆ, ಆಗಲಿ. ನಿಲ್ಲಿಸಿದರೆ ಬಂದ ಬಲ ಹೊರಟೇ ಹೋಗುತ್ತದೆ, ಆದ್ದರಿಂದ ಇದಕ್ಕೆ ಕೊನೆಯ ದಿನ ಅಂತ ಇಲ್ಲ.

ಅಭ್ಯಾಸದಿಂದ ಸರಿಹೋಗದ್ದು

ಮಲಗಿ ಎದ್ದ ಕೂಡಲೇ ಕಣ್ಣು ಕತ್ತಲೆ ಬಂದರೆ ಬಿಪಿ ನೋಡಿಸಿ. ಮಲಗಿದ್ದಾಗ ಒಮ್ಮೆ, ಎದ್ದು ನಿಂತ 1 ನಿಮಿಷಕ್ಕೆ ಮತ್ತು 3 ನಿಮಿಷಕ್ಕೆ ಮತ್ತೆ. ಮೇಲಿನ ಅಂಕಿ 20 ಅಥವಾ ಅದಕ್ಕಿಂತ ಹೆಚ್ಚು ಇಳಿದರೆ ಡಾಕ್ಟರಿಗೆ ತೋರಿಸಬೇಕು. ಮಾತ್ರೆ ಬದಲಿಸುವುದು ಅವರ ಕೆಲಸ, ನೀವೇ ನಿಲ್ಲಿಸಬೇಡಿ. ಬೇಸಿಗೆಯಲ್ಲಿ ನೀರು ಕಡಿಮೆ ಕುಡಿದರೂ ಹೀಗಾಗುತ್ತದೆ. ರಾತ್ರಿ ಏಳಬೇಕಾಗುತ್ತದೆ ಅಂತ ಸಂಜೆಯಿಂದಲೇ ನೀರು ಬಿಡುವ ಅಮ್ಮಂದಿರು ನಮ್ಮಲ್ಲಿ ಬಹಳ. ನಿದ್ದೆ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ.

ಹಾಸಿಗೆಯಲ್ಲಿ ಮಗ್ಗುಲಾದಾಗ ಮನೆಯೇ ಗಿರ್ರನೆ ತಿರುಗಿ, ಒಂದು ನಿಮಿಷದೊಳಗೆ ನಿಂತರೆ, ಒಳಗಿವಿಯ ಸಣ್ಣ ಹರಳುಗಳು ಜಾಗ ಬಿಟ್ಟಿರಬಹುದು. ತಲೆಯನ್ನು ಒಂದು ಕ್ರಮದಲ್ಲಿ ತಿರುಗಿಸಿ ಅವನ್ನು ವಾಪಸ್ ಕಳಿಸುವ ವಿಧಾನ ಇದೆ. ಕಿವಿ ಡಾಕ್ಟರ್ ಅಥವಾ ಅದನ್ನು ಕಲಿತ ಫಿಸಿಯೋ ಮಾಡುತ್ತಾರೆ. ಇದಕ್ಕೆ ಹೊರಗಿವಿಯ ಬೀಜದಿಂದ ಏನೂ ಆಗುವುದಿಲ್ಲ. ಮಾತು ತೊದಲಿ, ಬಾಯಿ ಸೊಟ್ಟಗಾಗಿ, ಒಂದು ಕಡೆ ಕೈಕಾಲು ಸೋತರೆ ಅದು ಬ್ಯಾಲೆನ್ಸಿನ ಮಾತೇ ಅಲ್ಲ, ತಕ್ಷಣ ಆಸ್ಪತ್ರೆ.

ಮನೆಯ ವಿಷಯ ಚುಟುಕಾಗಿ. ಹವಾಯಿ ಚಪ್ಪಲಿ ಬೇಡ, ಹಿಂದೆ ಪಟ್ಟಿ ಇರುವುದು ಬೇಕು. ಬಚ್ಚಲಿನ ಗೋಡೆಗೆ ಸ್ಟೀಲ್ ಹಿಡಿಕೆ ಹಾಕಿಸಿ. ಟವೆಲ್ ಹಾಕುವ ಕಡ್ಡಿ ಮೈಭಾರ ತಡೆಯುವುದಿಲ್ಲ. ದಿಂಬಿನ ಪಕ್ಕ ಬ್ಯಾಟರಿ ಇರಲಿ, ಕರೆಂಟ್ ಯಾವಾಗ ಹೋಗುತ್ತದೋ. ಕೌದಿ ಹಾಸಿದ್ದನ್ನು ಬೆಳಿಗ್ಗೆಯೇ ಮಡಚಿಡಿ.

ಬಿದ್ದರೆ

ಬಿದ್ದವರನ್ನು ರೆಟ್ಟೆ ಹಿಡಿದು ಎತ್ತುವುದು ನಮ್ಮ ರೂಢಿ. ಅದು ಬೇಡ. ಮೊದಲು ಅಲ್ಲೇ ಬಿಡಿ, ಮಾತಾಡಿಸಿ. ಎಲ್ಲೂ ಜೋರು ನೋವಿಲ್ಲ ಅಂದರೆ ಒಂದು ಮಗ್ಗುಲಿಗೆ ತಿರುಗಿಸಿ, ಮೊಣಕೈಯೂರಿ, ಮೊಣಕಾಲ ಮೇಲೆ ಬರಲಿ. ಎದುರಿಗೆ ಗಟ್ಟಿ ಬೆಂಚು ತಂದಿಡಿ. ಅದರ ಮೇಲೆ ಎರಡೂ ಕೈ ಊರಿ, ಬಲ ಇರುವ ಕಾಲಿನ ಪಾದ ಮುಂದಿಟ್ಟು, ಒತ್ತಿ ಎದ್ದು ತಿರುಗಿ ಕೂರಲಿ. ಇದನ್ನೂ ಚೆನ್ನಾಗಿದ್ದಾಗಲೇ ಚಾಪೆಯ ಮೇಲೆ ಕಲಿಸಿಡಿ. ಇಂದಿಗೂ ನೆಲಕ್ಕೆ ಕೂತು ಉಣ್ಣುವವರಿಗೆ ಇದು ಬೇಗ ಬರುತ್ತದೆ. ಡೈನಿಂಗ್ ಟೇಬಲ್ ಬಂದ ಮನೆಗಳಲ್ಲೇ ಕಷ್ಟ.

ತಲೆಗೆ ಪೆಟ್ಟಾಗಿದ್ದು, ರಕ್ತ ತೆಳುವಾಗುವ ಮಾತ್ರೆ ನಡೆಯುತ್ತಿದ್ದರೆ, ಆರಾಮಿದ್ದೀನಿ ಅಂದರೂ ಆಸ್ಪತ್ರೆಗೆ ಕರೆದೊಯ್ಯಿರಿ. ತೊಡೆಸಂದಿಯಲ್ಲಿ ನೋವು, ಒಂದು ಕಾಲು ಗಿಡ್ಡವಾದಂತೆ ಕಂಡು ಪಾದ ಹೊರಗೆ ತಿರುಗಿದ್ದರೆ ಸೊಂಟದ ಕೀಲಿನ ಮೂಳೆ ಮುರಿದಿರಬಹುದು. ಎಬ್ಬಿಸಬೇಡಿ, ಕಾಲು ಎಳೆಯಬೇಡಿ, ಎಣ್ಣೆ ತಿಕ್ಕಬೇಡಿ. ಊಟ, ನೀರು ಕೊಡಬೇಡಿ, ಆಪರೇಷನ್ ಬೇಕಾಗಬಹುದು. ಇದ್ದಲ್ಲೇ ಕಾಲಿನ ಎರಡೂ ಬದಿಗೆ ದಿಂಬು ಕೊಟ್ಟು 108ಕ್ಕೆ ಫೋನ್ ಮಾಡಿ. ಮಾತ್ರೆಗಳ ಚೀಟಿ ಕೈಯಲ್ಲಿ ಹಿಡಿದುಕೊಂಡೇ ಗಾಡಿ ಹತ್ತಿ.